ಡಾಂಬರಿನ ಮೇಲೊಂದು ಗಾಳಿಪಟದ ಗುಡ್ಡ

ಗುಡ್ಡದ ತುದಿಯಲ್ಲಿ ಹುಡುಗನೊಬ್ಬ ದಾರ ಸಡಿಲಿಸುತ್ತಾ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತಿದ್ದಾನೆ. ಗಾಳಿಪಟ ಎರಡು ಸಲ ಮೂಗು ಕೆಳಗೆ ಮಾಡಿ, ಮೂರನೆಯ ಸಲಕ್ಕೆ ಸೆಟೆದು ನಿಂತಿತು. ಕೆಳಗೆ ಲೇಕ್ ಯೂನಿಯನ್ ಸರೋವರ, ಅದರ ತುಂಬ ಹಾಯಿದೋಣಿಗಳು. ಪುಟ್ಟ ವಿಮಾನವೊಂದು ಬಾತುಕೋಳಿಯ ಹಾಗೆ ನೀರಿನ ಮೇಲೇ ಇಳಿದು ಉದ್ದಕ್ಕೆ ಬಿಳಿ ಗೀರೆಳೆಯಿತು. ಆಚೆ ದಡದಲ್ಲಿ ಸಿಯಾಟಲ್‌ನ ಗಗನಚುಂಬಿಗಳು. ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದ ನಮ್ಮವರು, ಊರಿಂದ ಬಂದ ಅಪ್ಪ ಅಮ್ಮನನ್ನು ನಿಲ್ಲಿಸಿ ಫೋಟೊ ತೆಗೆಯುವ ಜಾಗ. ಸೆರಗು ಬಿಗಿಹಿಡಿದ ತಾಯಿಯೊಬ್ಬರು ಮಗನಿಗೆ, 'ಆಷಾಢದ ಗಾಳಿ ಇದ್ದಂಗಿದೆ ಕಣೋ' ಎಂದರೆ, ಬೇಡವೆಂದರೂ ಕಿವಿ ಅತ್ತ ತಿರುಗುತ್ತದೆ.

ಎಡಕ್ಕೆ ನೋಡಿದರೆ ಮಾತ್ರ ಚಿತ್ರ ಬೇರೆ. ತುಕ್ಕು ತಿಂದ ಗೋಪುರಗಳ ಗುಂಪು, ಒಂದಕ್ಕೊಂದು ಕೈಕೊಟ್ಟಂತೆ ಕೊಳವೆಗಳು, ಎಲ್ಲಿಗೂ ತಲುಪದ ಕಬ್ಬಿಣದ ಮೆಟ್ಟಿಲುಗಳು. ಸುತ್ತ ಬೇಲಿ. ಪಾರ್ಕಿನ ಹೆಸರೇ ಗ್ಯಾಸ್ ವರ್ಕ್ಸ್.

ಉದ್ಯಾನಗಳ ವಿನ್ಯಾಸಕ್ಕೆ ಹೆಸರಾದ ಓಲ್ಮ್‌ಸ್ಟೆಡ್ ಮನೆತನದವರು 1903ರಲ್ಲೇ, ಸರೋವರಕ್ಕೆ ಚಾಚಿದ ಈ ಮೂಲೆಯನ್ನು ಪಾರ್ಕಿಗೆಂದು ಕಾದಿರಿಸಿ ಎಂದಿದ್ದರು. ಊರು ಕಿವಿಗೊಡಲಿಲ್ಲ. 1906ರಲ್ಲಿ ಇಲ್ಲಿ ಕಾರ್ಖಾನೆ ಎದ್ದಿತು. ಕಲ್ಲಿದ್ದಲನ್ನು ಬೇಯಿಸಿ ಅನಿಲ ತೆಗೆಯುವುದು, ಅದನ್ನು ಕೊಳವೆಯಲ್ಲಿ ಮನೆಮನೆಯ ದೀಪಕ್ಕೆ, ಒಲೆಗೆ ಕಳಿಸುವುದು ಅದರ ಕೆಲಸ. 1930ರ ದಶಕದ ಕೊನೆಗೆ ಕಲ್ಲಿದ್ದಲಿನ ಬದಲು ಎಣ್ಣೆ ಬಂತು. ಎರಡರಲ್ಲೂ ಅನಿಲ ಊರಿಗೆ ಹೋಯಿತು, ಡಾಂಬರು, ಮಸಿ, ಬೆಂಜೀನ್ ಇಲ್ಲೇ ಉಳಿದವು. ಐವತ್ತು ವರ್ಷ ಆ ಉಳಿಕೆಯನ್ನು ನೆಲ ಕುಡಿಯಿತು, ನೀರಿನ ತಳವೂ ಕುಡಿಯಿತು. ಅಡುಗೆ ಮಾಡಿದವರು ಯಾರೋ, ಪಾತ್ರೆಯ ತಳದ ಸೀಕಲು ಯಾರ ಪಾಲಿಗೋ. 1956ರಲ್ಲಿ ದೂರದಿಂದ ನೈಸರ್ಗಿಕ ಅನಿಲದ ಕೊಳವೆ ಬಂತು, ಕಾರ್ಖಾನೆಗೆ ಬೀಗ ಬಿತ್ತು.

1962ರಲ್ಲಿ ನಗರ ಈ ಜಾಗ ಕೊಂಡಿತು. ಸುಮಾರು ಇಪ್ಪತ್ತು ಎಕರೆ, ಹದಿಮೂರು ಲಕ್ಷ ಡಾಲರಿಗೂ ಮೇಲೆ. ನಮ್ಮಲ್ಲಿ ಹಸು ಕೊಳ್ಳುವವರು ಹಲ್ಲು ಹಿಡಿದು ನೋಡುತ್ತಾರೆ. ಇಲ್ಲಿ ಹಸುವಿನ ಜೊತೆ ಅದರ ರೋಗವನ್ನೂ ಹೊಡೆದುಕೊಂಡು ಬಂದಂತಾಯಿತು. ಕೊಳ್ಳಲು ಪಟ್ಟುಹಿಡಿದವರು ನಗರಸಭೆಯ ಸದಸ್ಯೆ ಮಿರ್ಟಲ್ ಎಡ್ವರ್ಡ್ಸ್. ಅವರ ಕಣ್ಣಲ್ಲಿದ್ದದ್ದು ಹಸಿರು, ಮರ, ನೀರು. 1969ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡಾಗ ಪಾರ್ಕಿಗೆ ಅವರದೇ ಹೆಸರೆಂದು ಗೊತ್ತಾಗಿತ್ತು.

ಆದರೆ ವಿನ್ಯಾಸಕ್ಕೆ ಬಂದವನು ರಿಚರ್ಡ್ ಹಾಗ್. ಎಲ್ಲರೂ ಗುಜರಿಗೆ ಹಾಕಿ ಎಂದ ಗೋಪುರಗಳ ಮೇಲೇ ಅವನಿಗೆ ಮೋಹ. ಕಾರ್ಖಾನೆಯ ಹಳೆಯ ಕಮ್ಮಾರಸಾಲೆಯನ್ನೇ ಕಚೇರಿ ಮಾಡಿಕೊಂಡು, ಬಂದವರಿಗೆಲ್ಲ ಆ ಕಬ್ಬಿಣವನ್ನು ತೋರಿಸಿದ. ಕೊನೆಗೆ ಅವನ ಮಾತೇ ನಡೆಯಿತು. ಎಡ್ವರ್ಡ್ಸ್ ಮನೆಯವರು ಹೆಸರು ಹಿಂತೆಗೆದುಕೊಂಡರು. ಅವರದು ತಪ್ಪೆಂದು ನನಗನ್ನಿಸುವುದಿಲ್ಲ; ತುಕ್ಕಿನ ರಾಶಿಗೆ ಮನೆಯವಳ ಹೆಸರಿಡುವುದೆಂದರೆ ಯಾರಿಗೆ ಕಸಿವಿಸಿಯಾಗದು? ಅವರ ಹೆಸರಿನ ಪಾರ್ಕು ಈಗ ಊರಿನ ಇನ್ನೊಂದು ಬದಿಯಲ್ಲಿ, ಸಮುದ್ರದಂಚಿಗಿದೆ.

ಹಾಗ್ ಮಣ್ಣಿಗೆ ಮಾಡಿದ್ದು ನಮ್ಮ ಯಾವ ರೈತನಿಗೂ ಅರ್ಥವಾಗುವ ಕೆಲಸ. ಅಷ್ಟೂ ಮಣ್ಣನ್ನು ಅಗೆದು ಬೇರೆಯವರ ಊರಿಗೆ ಸಾಗಿಸುವ ಬದಲು, ಅದಕ್ಕೆ ಚರಂಡಿಯ ಕೆಸರು, ಮರದ ಹೊಟ್ಟು ಬೆರೆಸಿ ಉಳುಮೆ ಮಾಡಿಸಿದ. ಎಣ್ಣೆ ತಿನ್ನುವ ಸೂಕ್ಷ್ಮಾಣುಗಳಿಗೆ ಗಾಳಿ, ಗೊಬ್ಬರ ಸಿಕ್ಕರೆ ಉಳಿದದ್ದನ್ನು ಅವೇ ನೋಡಿಕೊಳ್ಳುತ್ತವೆ ಎಂಬ ಲೆಕ್ಕ. ಅಡಿಪಾಯಗಳ ಕಾಂಕ್ರೀಟು ಒಡೆದು ಒಂದೆಡೆ ಗುಡ್ಡೆ ಹಾಕಿ, ಮೇಲೆ ಹೊಸ ಮಣ್ಣು ಹೊದಿಸಿದ. ಗಾಳಿಪಟದ ಹುಡುಗ ನಿಂತಿರುವುದು ಅದರ ಮೇಲೆ. ಬಾಯ್ಲರ್ ಮನೆ ಬುತ್ತಿ ಬಿಚ್ಚುವ ಚಾವಡಿಯಾಯಿತು. ಕಂಪ್ರೆಸರ್‌ಗಳಿಗೆ ಕೆಂಪು, ಹಳದಿ ಬಣ್ಣ ಬಳಿದು ಮಕ್ಕಳ ಆಟಕ್ಕೆ ಬಿಟ್ಟರು. 1975ರಲ್ಲಿ ಪಾರ್ಕು ಜನರಿಗೆ ತೆರೆಯಿತು.

ಲೆಕ್ಕ ಪೂರ್ತಿ ಕೂಡಿಬರಲಿಲ್ಲ. 1984ರಲ್ಲಿ ಮಣ್ಣಿನ ಪರೀಕ್ಷೆಯ ಫಲಿತಾಂಶ ಕಂಡು ಗಾಬರಿಯಾಗಿ ಪಾರ್ಕನ್ನೇ ಕೆಲಕಾಲ ಮುಚ್ಚಿದರು. ಮತ್ತೆ ಮಣ್ಣು ಹೊದಿಸಿದರು. ಮುಂದೆ ನೆಲದೊಳಕ್ಕೆ ಗಾಳಿ ಊದಿ ಬೆಂಜೀನ್ ಹೊರಹಾಕುವ ಕೆಲಸವೂ ನಡೆಯಿತು. ಸರೋವರದ ತಳದ ಹೂಳಿನ ಹೊಣೆ ಈಗ ನಗರಕ್ಕೂ ಹಳೆಯ ಗ್ಯಾಸ್ ಕಂಪನಿಯ ವಾರಸುದಾರ ಕಂಪನಿಗೂ ಸೇರಿದ್ದು. 2013ರಲ್ಲಿ ದೇಶದ ಐತಿಹಾಸಿಕ ತಾಣಗಳ ಪಟ್ಟಿಯಲ್ಲಿ ಪಾರ್ಕಿಗೆ ಜಾಗ ಸಿಕ್ಕಿತು. ಬಿರುದು ಬಂದ ಮಾತ್ರಕ್ಕೆ ಡಾಂಬರು ಸುಮ್ಮನಿರುತ್ತದೆಯೇ? ಬಿಸಿಲೇರಿದ ದಿನ ಹುಲ್ಲಿನ ನಡುವೆ ಎಲ್ಲಾದರೂ ಕಪ್ಪಗೆ ಜಿನುಗುತ್ತದೆ. ಕೆಲಸದವರು ಬಂದು ಬಳಿದೊಯ್ಯುತ್ತಾರೆ.

ಗುಡ್ಡದ ನೆತ್ತಿಯಲ್ಲೊಂದು ನೆರಳು ಗಡಿಯಾರವಿದೆ, 1978ರದು. ಅದಕ್ಕೆ ಮುಳ್ಳಿಲ್ಲ. ನಾವೇ ನಡುವೆ ನಿಲ್ಲಬೇಕು, ನಮ್ಮ ನೆರಳು ಬಿದ್ದಲ್ಲಿ ಹೊತ್ತು. ವರ್ಷದ ಹೆಚ್ಚು ಪಾಲು ಮೋಡ ಕವಿದಿರುವ ಈ ಊರಲ್ಲಿ ಅದನ್ನು ಕಟ್ಟಿದವರ ಧೈರ್ಯಕ್ಕೆ ನಗು ಬಂತು. ಇವತ್ತು ಬಿಸಿಲಿತ್ತು, ನಿಂತು ನೋಡಿದೆ. ನಾಲ್ಕು ದಾಟಿತ್ತು.

ಇಳಿದು ದಡಕ್ಕೆ ಬಂದರೆ ಫಲಕ: ನೀರಿಗಿಳಿಯಬೇಡಿ, ಈಜಬೇಡಿ. ಗಾಳಿಪಟದ ಹುಡುಗನೂ ದಾರ ಸುತ್ತಿಕೊಂಡು ಬಂದಿದ್ದ. ಚಪ್ಪಲಿ ಬಿಚ್ಚಲು ಬಗ್ಗಿದವನನ್ನು ಅವನಪ್ಪ ರೆಟ್ಟೆ ಹಿಡಿದು ಎಬ್ಬಿಸಿದ. ಹುಡುಗ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ನಿಂತ. ಆಮೇಲೆ ಒಂದು ಚಪ್ಪಟೆ ಕಲ್ಲು ಹುಡುಕಿ, ನೀರಿನ ಮೇಲೆ ಓರೆಯಾಗಿ ಬೀಸಿದ. ಮೂರು ಸಲ ನೆಗೆದು ಮುಳುಗಿತು.