ಮಂಡಿಸವೆತ ಮತ್ತು ಮಸುಕಾಗುವ ಅರಿವು

ಕೊಯಮತ್ತೂರು ಜಿಲ್ಲೆಯ ಸಿರುಮುಗೈ ಮೃದು ರೇಷ್ಮೆ ಸೀರೆಗಳಿಗೆ ಹೆಸರಾದ ಊರು. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ದೇವಾಂಗ ನೇಕಾರರು ಇಲ್ಲಿ ತಲೆಮಾರುಗಳಿಂದ ಮಗ್ಗ ನಡೆಸುತ್ತ ಬಂದಿದ್ದಾರೆ. ಗುಂಡಿಮಗ್ಗದ ನೇಕಾರನು ಅಂಚಿನಲ್ಲಿ ಕುಳಿತು, ಗುಂಡಿಯೊಳಗೆ ಇಳಿಬಿಟ್ಟ ಕಾಲುಗಳಿಂದ ಹಲಗೆಗಳನ್ನು ಸರದಿಯಂತೆ ತುಳಿಯುತ್ತಾನೆ. ಒಂದೊಂದು ತುಳಿತಕ್ಕೂ ಹಾಸಿನ ಎಳೆಗಳು ಮೇಲೆ ಕೆಳಗೆ ಸರಿದು, ಆ ಸಂದಿನಲ್ಲಿ ಲಾಳಿ ಹಾಯುತ್ತದೆ. ಅವನ ಕಣ್ಣು ನೆಯ್ಗೆಯ ಮೇಲಿರುತ್ತದೆಯೇ ಹೊರತು ಪಾದದ ಮೇಲಲ್ಲ. ಮಂಡಿ ಎಷ್ಟು ಮಡಿಚಿದೆ, ಪಾದ ಎಲ್ಲಿದೆ ಎಂಬುದನ್ನು ನೋಡದೆಯೇ ತಿಳಿಸುವ ಈ ಒಳ ಅರಿವಿಗೆ ವೈದ್ಯಶಾಸ್ತ್ರದಲ್ಲಿ ಪ್ರೊಪ್ರಿಯೊಸೆಪ್ಷನ್ ಎಂದು ಹೆಸರು.

ಮಂಡಿಸವೆತವೆಂದು ಜನ ಕರೆಯುವ ಆಸ್ಟಿಯೋ ಆರ್ಥ್ರೈಟಿಸ್, ಅಂದರೆ ಕೀಲಿನ ಮೃದ್ವಸ್ಥಿ ತೆಳುವಾಗುತ್ತ ಹೋಗುವ ದೀರ್ಘಕಾಲದ ಸಂಧಿವಾತ, ನೋವಿನ ಜೊತೆಗೆ ಈ ಅರಿವನ್ನೂ ಕುಂದಿಸುತ್ತದೆ. ಮೃದ್ವಸ್ಥಿಯಲ್ಲಿ ನರಗಳೇ ಇಲ್ಲ. ಕೀಲಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಸೂಕ್ಷ್ಮ ನರತುದಿಗಳಿರುವುದು ಅಸ್ಥಿರಜ್ಜುಗಳಲ್ಲಿ, ಕೀಲನ್ನು ಸುತ್ತುವರಿದ ಪೊರೆಯಲ್ಲಿ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಸುತ್ತಲಿನ ಸ್ನಾಯುಗಳಲ್ಲಿ. ಮಂಡಿಯಲ್ಲಿ ನೀರು ತುಂಬಿ ಬಾತುಕೊಂಡಾಗ ತೊಡೆಯ ಮುಂಭಾಗದ ಸ್ನಾಯು ತಾನಾಗಿಯೇ ಬಲ ಕಳೆದುಕೊಳ್ಳುತ್ತದೆ, ಬಲಗುಂದಿದ ಸ್ನಾಯು ಕಳುಹಿಸುವ ಸುದ್ದಿಯೂ ನಂಬಲರ್ಹವಾಗಿ ಉಳಿಯುವುದಿಲ್ಲ.

ಆದರೆ ಕೆಡುಕೆಲ್ಲ ಕೀಲಿನಲ್ಲೇ ಇದೆ ಎನ್ನುವಂತಿಲ್ಲ. ಅಮೆರಿಕದಲ್ಲಿ ಲೀನಾ ಶರ್ಮಾ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಮಂಡಿಗೆ ಕಾಯಿಲೆ ತಗುಲಿದವರಲ್ಲೂ ಎರಡೂ ಮಂಡಿಗಳ ಸ್ಥಿತಿಯರಿವು ಅದೇ ವಯಸ್ಸಿನ ಆರೋಗ್ಯವಂತರಿಗಿಂತ ಕಡಿಮೆಯಿತ್ತು; ಸವೆಯದ ಮಂಡಿಯೂ ಮಂಕಾಗಿದ್ದರೆ ಸವೆತವೊಂದನ್ನೇ ದೂರುವುದು ಕಷ್ಟ. ಸ್ಪರ್ಶದ ಕತೆಯೂ ಇಂಥದೇ. ಕೈವಾರದಂಥ ಸಾಧನದ ಎರಡು ಮೊನೆಗಳನ್ನು ಚರ್ಮಕ್ಕೆ ತಾಗಿಸಿ, ಎಷ್ಟು ಅಂತರವಿದ್ದಾಗ ಅವು ಎರಡೆಂದು ತಿಳಿಯುತ್ತವೆ ಎಂದು ಅಳೆಯುವ ವಿಧಾನವನ್ನು ಜರ್ಮನಿಯ ಎರ್ನ್ಸ್ಟ್ ವೇಬರ್ 19ನೇ ಶತಮಾನದಲ್ಲೇ ರೂಪಿಸಿದ್ದ. ಬೆರಳ ತುದಿಗೆ ಕೆಲವೇ ಮಿಲಿಮೀಟರ್ ಅಂತರ ಸಾಕು, ಕಾಲಿಗೆ ಹಲವು ಪಟ್ಟು ಹೆಚ್ಚು ಬೇಕು. ಆಸ್ಟ್ರೇಲಿಯಾದ ತಾಶಾ ಸ್ಟಾಂಟನ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದಂತೆ, ನೋಯುವ ಮಂಡಿಗೆ ನೋವಿಲ್ಲದವರ ಮಂಡಿಗಿಂತಲೂ ಹೆಚ್ಚಿನ ಅಂತರ ಬೇಕಾಗುತ್ತದೆ. ಚರ್ಮಕ್ಕೆ ಗಾಯವೇನೂ ಇಲ್ಲದಿರುವಾಗ ಈ ಮಂಕು ಮಿದುಳಿನಲ್ಲಿರುವ ದೇಹದ ನಕ್ಷೆಯಲ್ಲೇ ಆಗಿರುವ ಮಾರ್ಪಾಡನ್ನು ಸೂಚಿಸಬಹುದು ಎಂಬುದು ಅನೇಕ ತಜ್ಞರ ಊಹೆ. ಅದೇ ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಂಡಿ ಹಿಗ್ಗಿದಂತೆ ಅಥವಾ ಕುಗ್ಗಿದಂತೆ ದೃಶ್ಯ ಮತ್ತು ಸ್ಪರ್ಶಗಳ ಮೂಲಕ ಭ್ರಮೆ ಹುಟ್ಟಿಸಿದಾಗ ರೋಗಿಗಳ ನೋವು ತಗ್ಗಿತು, ಇದು ವಿಚಿತ್ರವೆನಿಸಿದರೂ ಲಘುವಾಗಿ ತಳ್ಳಿಹಾಕುವಂಥದಲ್ಲ.

ಎಕ್ಸ್‌ರೇಯಲ್ಲಿ ಮೂಳೆಗಳ ನಡುವಿನ ಸಂದು ಕಾಣುತ್ತದೆ, ಈ ಮಂಕು ಕಾಣುವುದಿಲ್ಲ. ಮೆಟ್ಟಿಲಿಳಿಯುವಾಗ ಮಂಡಿ ಕುಸಿದಂತಾಗುವುದು, ಕತ್ತಲಲ್ಲಿ ಹೆಜ್ಜೆ ತಪ್ಪುವುದು, ಹಲಗೆಯ ಮೇಲಿಟ್ಟ ಪಾದವನ್ನು ಬಗ್ಗಿ ನೋಡಬೇಕೆನಿಸುವುದು, ಇವನ್ನು ವಯಸ್ಸಿನ ತಲೆಗೆ ಕಟ್ಟದೆ ವೈದ್ಯರಿಗೆ ಹೇಳಬೇಕು. ತೊಡೆಯ ಸ್ನಾಯುಗಳನ್ನು ಬಲಪಡಿಸುವ ಮತ್ತು ಸಮತೋಲನ ಕಲಿಸುವ ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟರಿಂದ ಕೇಳಿ ಕಲಿಯಬೇಕು.