ಅರ್ಜಿಯಲ್ಲಿ ಕಾಣದ ಕಾಯಕ

ಪದವಿಯ ಪ್ರಮಾಣಪತ್ರ ಕೈಸೇರಿದ ದಿನದ ಸಂಭ್ರಮವು ಮನೆಯಲ್ಲಿ ಬಹುಕಾಲ ಉಳಿಯುವುದಿಲ್ಲ. ಆರು ತಿಂಗಳು ಕಳೆಯುವಷ್ಟರಲ್ಲಿ ನೆಂಟರಿಷ್ಟರು "ಮಗನಿಗೆ ಎಲ್ಲಾದರೂ ಕೆಲಸವಾಯಿತೇ?" ಎಂದು ವಿಚಾರಿಸತೊಡಗುತ್ತಾರೆ. ವರ್ಷ ತುಂಬುವ ವೇಳೆಗೆ ತಂದೆಯು ಆ ಪ್ರಶ್ನೆಗೆ ಅಂಜಿ ಮದುವೆ, ಗೃಹಪ್ರವೇಶಗಳಿಗೆ ಹೋಗುವುದನ್ನೇ ಕಡಿಮೆ ಮಾಡಿರುತ್ತಾರೆ. ಒಂದು ಹುದ್ದೆಗೆ ನೂರಾರು ಮಂದಿ ಮುಗಿಬೀಳುವ ಈ ದಿನಗಳಲ್ಲಿ ನಮ್ಮ ಮಕ್ಕಳು ಎದ್ದು ಕಾಣುವುದು ಹೇಗೆ ಎಂಬ ಚಿಂತೆಯು ಸಮಾಜದ ಅನೇಕ ಕುಟುಂಬಗಳನ್ನು ಕಾಡುತ್ತಿದೆ.

ಕೆಲವು ಕಾಲದ ಹಿಂದೆ ಸಹಕಾರಿ ಸಂಘವೊಂದರ ಲೆಕ್ಕಪತ್ರ ಗುಮಾಸ್ತರ ಆಯ್ಕೆಯಲ್ಲಿ ಕುಳಿತುಕೊಳ್ಳುವಂತೆ ನಮಗೆ ಕರೆ ಬಂದಿತ್ತು. ಹುದ್ದೆ ಒಂದೇ, ಅರ್ಜಿಗಳು ನೂರಕ್ಕೂ ಮಿಕ್ಕಿ. ಎರಡು ದಿನ ಅವುಗಳನ್ನು ಓದಿದೆವು. ಸತ್ಯವಾಗಿ ಹೇಳುವುದಾದರೆ, ನಾವು ಓದಿದ್ದು ಒಂದೇ ಅರ್ಜಿಯನ್ನು ನೂರು ಸಲ! ಎಲ್ಲರೂ ಪರಿಶ್ರಮಿಗಳು, ಎಲ್ಲರೂ ಪ್ರಾಮಾಣಿಕರು, ಎಲ್ಲರೂ ಪ್ರತಿಷ್ಠಿತ ಸಂಸ್ಥೆಯೊಂದರಲ್ಲಿ ಪ್ರತಿಭೆಯನ್ನು ಬೆಳೆಸಿಕೊಳ್ಳಬಯಸುವವರು. ಒಬ್ಬ ಅಭ್ಯರ್ಥಿಯಂತೂ ಬೇರೊಂದು ಸಂಸ್ಥೆಯ ಹೆಸರನ್ನು ಅಳಿಸುವುದನ್ನೂ ಮರೆತು ನಮಗೆ ಕಳುಹಿಸಿದ್ದನು.

ಇವುಗಳ ನಡುವೆ ಒಂದು ಅರ್ಜಿಯು ನಮ್ಮ ಕೈಯನ್ನು ತಡೆಯಿತು. ಬಿ.ಕಾಂ. ಪದವಿಯಲ್ಲಿ ಶೇಕಡ 58 ಅಂಕ ಪಡೆದ ತರುಣಿಯೊಬ್ಬಳದು ಅದು. ತಂದೆಯ ಕಿರಾಣಿ ಅಂಗಡಿಯಲ್ಲಿ ಮೂರು ವರ್ಷ ಉದ್ರಿ ಪುಸ್ತಕವನ್ನು ತಾನೇ ಬರೆದುದಾಗಿಯೂ, ಅದನ್ನು ಟ್ಯಾಲಿ ತಂತ್ರಾಂಶಕ್ಕೆ ಏರಿಸಿದುದಾಗಿಯೂ, ಜಿ.ಎಸ್.ಟಿ. ವಿವರಪಟ್ಟಿಯನ್ನು ಪ್ರತಿ ಸಲವೂ ಗಡುವಿನೊಳಗೆ ಸಲ್ಲಿಸಿದುದಾಗಿಯೂ ನಾಲ್ಕೇ ಸಾಲುಗಳಲ್ಲಿ ತಿಳಿಸಿದ್ದಳು. ಅರ್ಜಿಯಲ್ಲಿ ವಿಶೇಷಣಗಳೇ ಇರಲಿಲ್ಲ.

ಸಂದರ್ಶನದಲ್ಲಿ ನಾವು ಕೇಳಿದೆವು: "ಸಂಜೆ ಪುಸ್ತಕದ ಶಿಲ್ಕಿಗಿಂತ ಕೈಯಲ್ಲಿರುವ ನಗದು 270 ರೂಪಾಯಿ ಕಡಿಮೆ ಇದ್ದರೆ ಏನು ಮಾಡುವೆಯಮ್ಮಾ?"

"ಮೊದಲು ಒಂಬತ್ತರಿಂದ ಭಾಗಿಸಿ ನೋಡುತ್ತೇನೆ, ಸರ್. ಶೇಷವಿಲ್ಲದೆ ಹೋದರೆ ಅಂಕಿಗಳು ಹಿಂದುಮುಂದಾಗಿರಬಹುದು. 8,250 ಬಂದದ್ದನ್ನು 8,520 ಎಂದು ಬರೆದರೂ ಇಷ್ಟೇ ವ್ಯತ್ಯಾಸ ಬರುತ್ತದೆ. ಅಲ್ಲಿ ಸಿಗದಿದ್ದರೆ 270ರ ಅರ್ಧ, ಅಂದರೆ 135ರ ಬಾಬ್ತು ಯಾವುದಾದರೂ ಖರ್ಚಿನ ಕಡೆ ಬರೆಯುವ ಬದಲು ಜಮೆಯ ಕಡೆ ಬಿದ್ದಿದೆಯೇ ಎಂದು ಹುಡುಕುತ್ತೇನೆ."

ಅವಳಿಗಿಂತ ಹೆಚ್ಚು ಅಂಕ ಪಡೆದ ಐವರು ಇದೇ ಪ್ರಶ್ನೆಗೆ "ಮೇಲಧಿಕಾರಿಗಳ ಗಮನಕ್ಕೆ ತರುತ್ತೇನೆ" ಎಂದಿದ್ದರು. ಅದು ತಪ್ಪು ಉತ್ತರವೇನೂ ಅಲ್ಲ. ಆದರೆ ಸಂಜೆಯ ಹೊತ್ತು ನಗದು ಕೂಡಿಬರದ ಕಳವಳವನ್ನು ಅನುಭವಿಸಿದವರ ಉತ್ತರವೂ ಅಲ್ಲ. ಸಮಿತಿಯ ಸದಸ್ಯರೊಬ್ಬರು "ಮದುವೆಯಾಗಿ ಹೋಗುವ ಹುಡುಗಿ" ಎಂದು ಆಕ್ಷೇಪ ಎತ್ತಿದರು. "ಗಂಡುಮಕ್ಕಳು ಬೇರೆ ಕೆಲಸ ಸಿಕ್ಕರೆ ಹೋಗುವುದಿಲ್ಲವೇ?" ಎಂದು ಅಧ್ಯಕ್ಷರು ಕೇಳಿದಾಗ ಆ ಮಾತು ಅಲ್ಲಿಗೆ ನಿಂತಿತು.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ ಅನಂತರ ತಿಳಿಯಿತು. ಆಕೆ ಅದಕ್ಕೆ ಮೊದಲು ಹದಿನೇಳು ಕಡೆ ಅರ್ಜಿ ಹಾಕಿದ್ದಳು. ಒಂದು ಕಡೆಯಿಂದಲೂ ಕರೆ ಬಂದಿರಲಿಲ್ಲ. ಆ ಅರ್ಜಿಗಳಲ್ಲಿ ಅಂಗಡಿಯ ಸಂಗತಿಯೇ ಇರಲಿಲ್ಲ. "ಕಿರಾಣಿ ಅಂಗಡಿ ಎಂದು ಬರೆದರೆ ಹಗುರವಾಗಿ ನೋಡುತ್ತಾರೆ" ಎಂದು ಅಣ್ಣನು ಆ ಸಾಲುಗಳನ್ನು ಹೊಡೆದುಹಾಕಿದ್ದನಂತೆ. ಕಾಯಕದ ಹಿರಿಮೆಯನ್ನು ವೇದಿಕೆಗಳ ಮೇಲೆ ಕೊಂಡಾಡುವ ನಾವು, ಮಕ್ಕಳ ಅರ್ಜಿಯಿಂದ ಮೊದಲು ಅಳಿಸುವುದು ಅವರು ಮಾಡಿದ ಕಾಯಕವನ್ನೇ! ಹೊಲದ ಕೂಲಿ ಲೆಕ್ಕ ಬರೆದವರು, ಜಾತ್ರೆಯ ದಾಸೋಹದಲ್ಲಿ ಸಾವಿರಾರು ಜನರ ಅಡುಗೆಗೆ ದಿನಸಿ ಅಳೆದು ಕೊಟ್ಟವರು, ಹಾಲಿನ ಡೇರಿಯಲ್ಲಿ ಬೆಳಗಿನ ಜಾವ ಜಿಡ್ಡಿನ ಪರೀಕ್ಷೆ ಮಾಡಿದವರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಇಲ್ಲ? ಎಷ್ಟು ದಿನ, ಎಷ್ಟು ಪ್ರಮಾಣ, ತಪ್ಪಾದಾಗ ತಿದ್ದಿದ ಬಗೆ ಯಾವುದು ಎಂಬುದನ್ನು ಬರೆದರೆ ಅದೇ ಅನುಭವವಾಗುತ್ತದೆ. ಮಾಡದೆ ಇದ್ದುದನ್ನು ಬರೆದವರು ಎರಡನೆಯ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತಾರೆ.

ಹಾಗೆಂದು ಎಲ್ಲ ಕಡೆಯೂ ಈ ಮಾತು ಅನ್ವಯಿಸದು. ಕೇಂದ್ರ ಸರ್ಕಾರದ ಸಿ ವರ್ಗದ ಹಾಗೂ ಗೆಜೆಟೆಡ್ ಅಲ್ಲದ ಬಿ ವರ್ಗದ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಡಲಾಗಿದೆ. ಅಲ್ಲಿ ಪರೀಕ್ಷೆಯ ಅಂಕವೇ ಮಾತನಾಡುತ್ತದೆ. ಮಾತುಗಾರಿಕೆಯ ತರಬೇತಿಗೆ ಹಣ ಸುರಿಯುವುದು ವ್ಯರ್ಥ. ಐ.ಬಿ.ಪಿ.ಎಸ್. ನಡೆಸುವ ಬ್ಯಾಂಕ್ ಪ್ರೊಬೇಷನರಿ ಅಧಿಕಾರಿಗಳ ಆಯ್ಕೆಯಲ್ಲಿ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ಪ್ರಮಾಣದ ತೂಕವಿದೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ 2025 ಅಂಕಗಳಲ್ಲಿ 275 ವ್ಯಕ್ತಿತ್ವ ಪರೀಕ್ಷೆಯದು. ಅಲ್ಲಿ ಅಭ್ಯರ್ಥಿಯು ತನ್ನ ಊರು, ಓದು, ಹವ್ಯಾಸಗಳ ಬಗ್ಗೆ ಅರ್ಜಿಯಲ್ಲಿ ಬರೆದುದರಿಂದಲೂ ಪ್ರಶ್ನೆಗಳು ಹುಟ್ಟುತ್ತವೆ. ಎಲ್ಲಿ ಯಾವುದಕ್ಕೆ ಎಷ್ಟು ತೂಕವೆಂದು ತಿಳಿಯದೆ ದುಡಿಯುವ ಮಕ್ಕಳನ್ನು ಕಂಡಾಗ ಮರುಕವಾಗುತ್ತದೆ.

ಖಾಸಗಿ ಸಂಸ್ಥೆಗಳದು ಇನ್ನೊಂದು ಬಗೆ. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಗಣಕಯಂತ್ರವೇ ವಿಂಗಡಿಸಿ ಇಡುವುದುಂಟು. ಬಣ್ಣದ ಚೌಕಟ್ಟು, ಚಿತ್ರವಿಚಿತ್ರ ಅಕ್ಷರಗಳು ಅದಕ್ಕೆ ತೊಡಕು. ಜಾಹೀರಾತಿನಲ್ಲಿ ಕೇಳಿದ ಕೌಶಲ ನಮ್ಮಲ್ಲಿ ನಿಜವಾಗಿ ಇದ್ದರೆ ಅದೇ ಪದದಿಂದ ಬರೆಯುವುದು ಲೇಸು. ಒಂದೇ ಅರ್ಜಿಯನ್ನು ಐವತ್ತು ಕಡೆ ಎಸೆಯುವುದಕ್ಕಿಂತ, ಸಂಸ್ಥೆಯ ವ್ಯವಹಾರವನ್ನು ಓದಿ ತಿಳಿದು ಐದು ಕಡೆ ಬರೆಯುವುದೇ ಮೇಲೆಂದು ನಮ್ಮ ಅಭಿಪ್ರಾಯ. ಇಂಗ್ಲಿಷ್ ತಡವರಿಸುವುದೆಂಬ ಭಯ ಹಳ್ಳಿಯ ಮಕ್ಕಳಿಗೆ ಬಹಳ. ತಾನು ಮಾಡಿದ ಒಂದು ಕೆಲಸವನ್ನು ಐದು ನಿಮಿಷ ಇಂಗ್ಲಿಷಿನಲ್ಲಿ ವಿವರಿಸುವುದನ್ನು ಮನೆಯಲ್ಲಿ ದಿನವೂ ಗಟ್ಟಿಯಾಗಿ ಅಭ್ಯಾಸ ಮಾಡಿದವರಿಗೆ ಆ ಭಯ ತಿಂಗಳೊಳಗೆ ಅರ್ಧ ಕರಗಿದುದನ್ನು ನಾವು ಕಂಡಿದ್ದೇವೆ.

ತಂದೆ-ತಾಯಂದಿರಿಗೂ ಒಂದು ಮಾತು. "ಇಂತಿಷ್ಟು ಕೊಟ್ಟರೆ ಕೆಲಸ ಖಚಿತ" ಎನ್ನುವ ಮಧ್ಯವರ್ತಿಗಳು ಊರೂರಿಗೂ ಇದ್ದಾರೆ. ನಮ್ಮ ಪರಿಚಯದ ಕುಟುಂಬವೊಂದು ಎರಡು ಎಕರೆ ಹೊಲವನ್ನು ಮಾರಿ ಅಂಥವನಿಗೆ ಹಣ ಕೊಟ್ಟಿತು. ಕೆಲಸವೂ ಬರಲಿಲ್ಲ, ಹೊಲವೂ ಉಳಿಯಲಿಲ್ಲ. ಆ ಹುಡುಗನು ಇಂದಿಗೂ ತಂದೆಯ ಎದುರು ಕುಳಿತು ಊಟ ಮಾಡಲು ಸಂಕೋಚಪಡುತ್ತಾನೆ.

ಇನ್ನು ಆ ತರುಣಿ ಸಂಘದಲ್ಲಿ ಕೆಲಸಕ್ಕೆ ಸೇರಿ ವರ್ಷ ಕಳೆದಿದೆ. ಕಳೆದ ವಾರ ಅವಳ ಅಣ್ಣ ತನ್ನ ಅರ್ಜಿಯನ್ನು ಹಿಡಿದು ನಮ್ಮಲ್ಲಿಗೆ ಬಂದಿದ್ದರು. ಗೋದಾಮಿನ ಮೇಲ್ವಿಚಾರಕರ ಹುದ್ದೆಗಂತೆ. ಪರಿಶ್ರಮಿ, ಪ್ರಾಮಾಣಿಕ ಎಂದೆಲ್ಲ ಇತ್ತು. ಅದೇ ಅಂಗಡಿಗೆ ನಾಲ್ಕು ವರ್ಷ ಸಂತೆಯಿಂದ ಸರಕು ತರಿಸಿ, ಮೂಟೆಗಳನ್ನು ಎಣಿಸಿ, ಇಲಿ-ಹುಳುಗಳಿಂದ ಕಾಪಾಡಿದ ಸಂಗತಿ ಮಾತ್ರ ಇರಲಿಲ್ಲ. ಒಂದು ಹಾಳೆ, ಒಂದು ಪೆನ್ಸಿಲು ಕೊಟ್ಟು ಪಡಸಾಲೆಯಲ್ಲಿ ಬರೆಯಲು ಕೂರಿಸಿದೆವು. ಚಹ ತರುವಷ್ಟರಲ್ಲಿ ಒಂದು ಮಗ್ಗುಲು ತುಂಬಿತ್ತು.