ಸೀರಿಯಸ್ ಪ್ಲೇಲಿಸ್ಟ್ ಸಾಕು, ಈ ಎರಡು ಆಲ್ಬಂ ಕೇಳಿ

ರಾಜಕೀಯ ಮಾತಾಡೋರು ಮುಖ ಗಂಟು ಹಾಕ್ಕೊಂಡೇ ಹಾಡು ಕೇಳಬೇಕು ಅನ್ನೋ ನಂಬಿಕೆ ನಮ್ಮಲ್ಲಿ ಹೇಗೋ ಬೇರು ಬಿಟ್ಟಿದೆ. ಪ್ರಯೋಗದ ಸಂಗೀತ ಅಂದ್ರಂತೂ ಮುಗೀತು: ಕತ್ತಲೆ ಕೋಣೆ, ಹೆಡ್‌ಫೋನು, ಇಂಗ್ಲಿಷು. ಹೇಮಗಿರಿ ಜಾತ್ರೆ ನೋಡಿದವರಿಗೆ, ಕೆ.ಆರ್. ಪೇಟೆ ಕಡೆಯ ಗಣಪತಿ ಆರ್ಕೆಸ್ಟ್ರಾಗಳಲ್ಲಿ ರಿದಂ ಪ್ಯಾಡ್ ಬಾರಿಸೋರನ್ನು ಬಾಯಿ ಬಿಟ್ಟುಕೊಂಡು ನೋಡಿದವರಿಗೆ ಎಲೆಕ್ಟ್ರಾನಿಕ್ ಸದ್ದು ಹೊಸದೇನಲ್ಲ. ಆರ್ಕೆಸ್ಟ್ರಾದವರು ಆಕ್ಟಾಪ್ಯಾಡ್ ಅನ್ನೋ ಆ ಹೆಸರು ಜಪಾನಿನ ರೋಲ್ಯಾಂಡ್ ಕಂಪನಿಯದು. ಅಲ್ಲಿಂದಲೇ ಶುರು ಮಾಡೋಣ.

1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ಇದೇ ರೋಲ್ಯಾಂಡಿನ ಮೂರು ಯಂತ್ರ ಜೋಡಿಸಿ ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಮಾಡಿದರು. ತಾಳಕ್ಕೆ ಟಿಆರ್-808, ಬೇಸ್‌ಗೆ ಟಿಬಿ-303, ರಾಗಕ್ಕೆ ಜೂಪಿಟರ್-8. ಇದರಲ್ಲಿ 303 ಒಂದು ತಮಾಷೆಯ ಡಬ್ಬ. ಒಬ್ಬನೇ ಗಿಟಾರ್ ನುಡಿಸೋನಿಗೆ ಬೇಸ್ ಜೊತೆಗಾರನಾಗಲಿ ಅಂತ ಮಾಡಿದ್ದು. ಸ್ವರಗಳನ್ನು ಮೊದಲೇ ತುಂಬಿಸಿಟ್ಟರೆ ಸುತ್ತಿ ಸುತ್ತಿ ನುಡಿಸುತ್ತೆ. ‘ಸ್ಲೈಡ್’ ಹಾಕಿದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತೆ. ನಮ್ಮ ಕಿವಿಗೆ ಆ ಜಾರುವಿಕೆ ಪರಿಚಿತ, ಅದಕ್ಕೇ ರಾಗ ಅಲ್ಲಿ ಪರದೇಶಿ ಅನ್ನಿಸಲ್ಲ. ಭೂಪಾಲಿ (ನಮ್ಮ ಮೋಹನ) ಕೇಳಿ, ನಗು ತಡೆಯೋಕಾಗಲ್ಲ.

ರೆಕಾರ್ಡು ಆಗ ಓಡಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ವಿದೇಶಿ ಪತ್ರಕರ್ತರು ಬೆಚ್ಚಿಬಿದ್ದರು. ಯಾಕಂದ್ರೆ ಚಿಕಾಗೋದಲ್ಲಿ ಇದೇ 303 ತಿರುಚಿ ‘ಆಸಿಡ್ ಹೌಸ್’ ಅನ್ನೋ ಪ್ರಕಾರ ಹುಟ್ಟಿಸಿದ ‘ಆಸಿಡ್ ಟ್ರ್ಯಾಕ್ಸ್’ ಬಂದಿದ್ದು 1987ರಲ್ಲಿ. ‘ಎಲ್ಲಾ ನಾವೇ ಕಂಡುಹಿಡಿದಿದ್ದು’ ಅಂತ ವಾಟ್ಸ್ಯಾಪ್‌ನಲ್ಲಿ ಫಾರ್ವರ್ಡ್ ಮಾಡಬೇಡಿ ಮತ್ತೆ! ಚಿಕಾಗೋದ ಕಪ್ಪು ಹುಡುಗರು ಅದೇ ಡಬ್ಬದಿಂದ ತಮ್ಮದೇ ಕುಣಿತ ತೆಗೆದರು, ಇವರು ತಮ್ಮದು. ನನಗಂತೂ ಆ ಸಂಗತಿಯೇ ಹೆಚ್ಚು ಖುಷಿ. ಹತ್ತನ್ನೂ ಒಂದೇ ಸಲ ಕೇಳೋದು ಬೇಡ, ತಾಳ ಬೇಜಾರು ಬರಿಸುತ್ತೆ. ದಿನಕ್ಕೆ ಎರಡು ಸಾಕು.

ಇನ್ನು ರಾಕ್ ಕಡೆ ಬರೋದಾದ್ರೆ, ನಮ್ಮ ಬೆಂಗಳೂರಿನ ‘ಸ್ವರಾತ್ಮ’. ಇವರ 2012ರ ‘ಟೋಪಿವಾಲೆ’ ಆಲ್ಬಂ ನಿಮಗೆ ಇಷ್ಟ ಆಗಲೇಬೇಕು: ಟೋಪಿ ಹಾಕೋ ರಾಜಕಾರಣಿಗಳ ಬಗ್ಗೆ ಹಾಡು, ಸುದ್ದಿ ಚಾನೆಲ್‌ಗಳ ಗದ್ದಲದ ಬಗ್ಗೆ ಇನ್ನೊಂದು. ಸಿಟ್ಟು ಪೂರ್ತಿ ಇದೆ, ಆದರೆ ಕಾಲು ನಿಲ್ಲಲ್ಲ. ಕನ್ನಡ ಹಾಡೂ ಇವೆ. ಹಿಂದಿ ಜಾಸ್ತಿಯಾಯ್ತು ಅನ್ನೋದು ನನ್ನ ತಕರಾರು. ಅದು ಪೂರ್ತಿ ಬ್ಯಾಂಡಿನ ತಪ್ಪಲ್ಲ, ಸಿನಿಮಾ ಬಿಟ್ಟು ಬೇರೆ ಕನ್ನಡ ಹಾಡಿಗೆ ದುಡ್ಡು ಕೊಡೋ ಅಭ್ಯಾಸ ನಮಗೆಷ್ಟಿದೆ ಹೇಳಿ? ಕನ್ನಡವೇ ಬೇಕು ಅನ್ನೋರು 2009ರ ಮೊದಲ ಆಲ್ಬಂನ ‘ಈ ಭೂಮಿ’ಯಿಂದ ಶುರು ಮಾಡಿ. ಆಮೇಲೆ ಅವರ ಲೈವ್ ವಿಡಿಯೊ ಹುಡುಕಿ. ಹಾಡುಗಾರ ವಾಸು ದೀಕ್ಷಿತ್ ಸೊಂಟಕ್ಕೆ ಬಣ್ಣದ ಕುದುರೆ ಕಟ್ಟಿಕೊಂಡು ವೇದಿಕೆಗೆ ಬಂದಿರುತ್ತಾರೆ, ಥೇಟ್ ನಮ್ಮ ಜಾತ್ರೆಯ ಕೀಲುಕುದುರೆ.